ಮ್ಯಾಕ್ಸ್ ಬಾರ್ನ್ ಹೆಸರು ಯಾಕೆ ಬಿಟ್ಟಿರಿ?

ಜರ್ಮನಿಯ ಹೆಲ್ಗೊಲ್ಯಾಂಡ್ ದ್ವೀಪದ ಕಥೆಯನ್ನು ಇನ್ನೊಂದು ಸಲ ಯಾರಾದರೂ ವೇದಿಕೆಯ ಮೇಲೆ ಹೇಳಿದರೆ ನಾನು ಎದ್ದು ನಿಂತು ಮಧ್ಯದಲ್ಲೇ ಕೇಳಿಬಿಡುತ್ತೇನೆ. ಇವತ್ತಿನ ಭಾಷಣದಲ್ಲಿ ಕೇಳಲಿಲ್ಲ. ಬಂದ ಅತಿಥಿಗಳು, ಮಕ್ಕಳ ಎದುರಿಗೆ ಬೇಡ ಅಂತ ಸುಮ್ಮನಿದ್ದೆ. ಮನೆಗೆ ಬಂದು ಅಡುಗೆ, ಊಟ ಎಲ್ಲ ಮುಗಿದ ಮೇಲೂ ಸಿಟ್ಟು ಇಳಿದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ, ಪುರುಸೊತ್ತು ಇದ್ದಾಗ ಓದಿ.

2025ನ್ನು ವಿಶ್ವಸಂಸ್ಥೆ ಕ್ವಾಂಟಂ ವರ್ಷ ಅಂತ ಘೋಷಿಸಿತಲ್ಲ, ಆಗಿನಿಂದ ಎಲ್ಲೆಲ್ಲೂ ಕ್ವಾಂಟಂ, ಅಂದರೆ ಪರಮಾಣು, ಎಲೆಕ್ಟ್ರಾನ್‌ಗಳ ಲೋಕದ ಭೌತವಿಜ್ಞಾನದ ಭಾಷಣ. ಒಳ್ಳೆಯದೇ. ಪಿಯುಸಿ ಮಕ್ಕಳಿಗೆ ಇಷ್ಟು ವರ್ಷ ಫಿಸಿಕ್ಸ್ ಪಾಠ ಮಾಡಿದವಳಿಗೆ ಅದಕ್ಕಿಂತ ಖುಷಿಯ ವಿಷಯ ಯಾವುದಿದೆ? ಇವತ್ತಿನ ಭಾಷಣಕಾರರೂ ಚೆನ್ನಾಗಿ ಮಾತಾಡಿದರು. ಮಕ್ಕಳು ಮೊಬೈಲ್ ತೆಗೆಯದೆ ಕೇಳಿದರು. ಕಥೆ ಮಾತ್ರ ಅದೇ. 1925ರ ಜೂನ್. 23 ವರ್ಷದ ಹುಡುಗ ವರ್ನರ್ ಹೈಸೆನ್‌ಬರ್ಗ್. ಪರಾಗದ ಅಲರ್ಜಿಯಿಂದ ಮುಖ ಊದಿಕೊಂಡಿದೆ. ಗಿಡಮರ ಇಲ್ಲದ ದ್ವೀಪಕ್ಕೆ ಹೋಗುತ್ತಾರೆ. ರಾತ್ರಿಯೆಲ್ಲ ಲೆಕ್ಕ ಮಾಡುತ್ತಾರೆ. ಬೆಳಗಿನ ಜಾವ ಬಂಡೆ ಹತ್ತಿ ಸೂರ್ಯೋದಯ ನೋಡುತ್ತಾರೆ. ಅಲ್ಲಿಗೆ ಕ್ವಾಂಟಂ ಮೆಕ್ಯಾನಿಕ್ಸ್ ಹುಟ್ಟಿಯೇ ಬಿಟ್ಟಿತು!

ಆಮೇಲೆ ಸ್ಲೈಡ್ ಮೇಲೆ ಸಾಲಾಗಿ ಫೋಟೊಗಳು. ಪ್ಲಾಂಕ್, ಐನ್‌ಸ್ಟೈನ್, ಬೋರ್, ಹೈಸೆನ್‌ಬರ್ಗ್, ಶ್ರೋಡಿಂಗರ್, ಡಿರಾಕ್, ಪೌಲಿ. ಹೈಸೆನ್‌ಬರ್ಗ್‌ಗೆ ಗುರುವಾಗಿದ್ದ ಜರ್ಮನ್ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಇಲ್ಲ. ಮಾತಿನಲ್ಲೂ ಒಂದೇ ಒಂದು ಸಲ ಆ ಹೆಸರು ಬರಲಿಲ್ಲ. ಅದೂ ಬೆಂಗಳೂರಿನಲ್ಲಿ. ಬಾರ್ನ್ ಬಂದು, ಇದ್ದು, ಪಾಠ ಮಾಡಿ ಹೋದ ಊರಿನಲ್ಲಿ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲು ಆ ದ್ವೀಪದ ಕಥೆಯ ಮುಂದಿನ ಭಾಗ, ಯಾರೂ ಹೇಳದ ಭಾಗ. ಹೈಸೆನ್‌ಬರ್ಗ್ ಆಗ ಇದ್ದದ್ದು ಜರ್ಮನಿಯ ಗಾಟಿಂಗನ್‌ನಲ್ಲಿ, ಬಾರ್ನ್ ಅವರ ಸಹಾಯಕರಾಗಿ. ದ್ವೀಪಕ್ಕೆ ಹೋಗಲು ರಜೆ ಕೊಟ್ಟದ್ದೂ ಬಾರ್ನ್. ಜುಲೈನಲ್ಲಿ ಹುಡುಗ ಒಂದು ಲೇಖನ ತಂದು ಬಾರ್ನ್ ಕೈಗೆ ಕೊಟ್ಟು, ಇದು ಪ್ರಕಟಿಸುವ ಹಾಗಿದೆಯಾ ನೀವೇ ನೋಡಿ ಅಂತ ಹೇಳಿ ಊರಿನಿಂದ ಹೊರಟರು. ಅವರಿಗೇ ಅದರ ಬಗ್ಗೆ ಪೂರ್ತಿ ಧೈರ್ಯ ಇರಲಿಲ್ಲ. ಬಾರ್ನ್ ಓದಿದರು. ಪತ್ರಿಕೆಗೆ ಕಳಿಸಿದರು. ಆದರೆ ಅದರಲ್ಲಿದ್ದ ಒಂದು ವಿಚಿತ್ರ ಗುಣಾಕಾರ ಅವರ ತಲೆಯಿಂದ ಹೋಗಲೇ ಇಲ್ಲ.

ನಮ್ಮ ಮಾಮೂಲಿ ಲೆಕ್ಕದಲ್ಲಿ ಮೂರು ನಾಲ್ಕಲಿ ಹನ್ನೆರಡು, ನಾಲ್ಕು ಮೂರಲಿ ಹನ್ನೆರಡು. ಹೈಸೆನ್‌ಬರ್ಗ್ ಲೇಖನದ ಗುಣಾಕಾರದಲ್ಲಿ ಹಾಗಿಲ್ಲ. ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದರ ಮೇಲೆ ಉತ್ತರವೇ ಬೇರೆ. ಹೈಸೆನ್‌ಬರ್ಗ್‌ಗೆ ಅದೊಂದು ತೊಡಕು, ದಾಟಿಕೊಂಡು ಮುಂದೆ ಹೋಗಬೇಕಾದ ಕಿರಿಕಿರಿ. ಬಾರ್ನ್‌ಗೆ ಮಾತ್ರ ಇದನ್ನು ಎಲ್ಲೋ ನೋಡಿದ್ದೇನಲ್ಲ ಅನ್ನಿಸಿತು. ಒಂದು ದಿನ ಹೊಳೆಯಿತು. ಹುಟ್ಟೂರು ಬ್ರೆಸ್ಲಾವ್‌ನಲ್ಲಿ ವಿದ್ಯಾರ್ಥಿಯಾಗಿದ್ದಾಗ ರೋಸಾನೆಸ್ ಅನ್ನುವ ಮೇಷ್ಟ್ರು ಕಲಿಸಿದ್ದ ಮ್ಯಾಟ್ರಿಕ್ಸ್, ಅಂದರೆ ಸಾಲು ಕಂಬಗಳಲ್ಲಿ ಜೋಡಿಸಿದ ಅಂಕಿಗಳ ಲೆಕ್ಕ ಇದು!

ಇವತ್ತು ನಮ್ಮ ದ್ವಿತೀಯ ಪಿಯುಸಿ ಮಕ್ಕಳು ಮ್ಯಾಟ್ರಿಕ್ಸ್ ಗುಣಿಸುತ್ತಾರೆ. ಎ ಇಂಟು ಬಿ, ಬಿ ಇಂಟು ಎ ಎರಡೂ ಒಂದೇ ಅಲ್ಲ ಅಂತ ಕಣ್ಣು ಮುಚ್ಚಿ ಹೇಳುತ್ತಾರೆ. 1925ರಲ್ಲಿ ಭೌತವಿಜ್ಞಾನಿಗಳಲ್ಲಿ ಬಹಳ ಜನಕ್ಕೆ ಅದು ಗೊತ್ತೇ ಇರಲಿಲ್ಲ. ಹೈಸೆನ್‌ಬರ್ಗ್‌ಗೂ ಗೊತ್ತಿರಲಿಲ್ಲ. ಇದು ನಾನು ಹೇಳುವ ಮಾತಲ್ಲ. ಮ್ಯಾಟ್ರಿಕ್ಸ್ ಅಂದರೆ ಏನು ಅಂತ ಆಗ ಹೈಸೆನ್‌ಬರ್ಗ್‌ಗೆ ತಿಳಿದಿರಲಿಲ್ಲ, ಒಟ್ಟಿಗೆ ಮಾಡಿದ ಕೆಲಸದ ಫಲವೆಲ್ಲ ಅವರಿಗೇ ಹೋಯಿತು ಅಂತ ಬಾರ್ನ್ 1953ರಲ್ಲಿ ಐನ್‌ಸ್ಟೈನ್‌ಗೆ ಬರೆದ ಪತ್ರದಲ್ಲಿ ತೋಡಿಕೊಂಡಿದ್ದಾರೆ. ಅಷ್ಟು ವರ್ಷ ಒಳಗೇ ಇಟ್ಟುಕೊಂಡಿದ್ದ ಮಾತು ಅದು.

ಆ ಜುಲೈನಲ್ಲೇ ರೈಲಿನಲ್ಲಿ ಹ್ಯಾನೋವರ್‌ಗೆ ಹೋಗುವಾಗ ಬಾರ್ನ್‌ಗೆ ಪೌಲಿ ಸಿಕ್ಕರು. ಪೌಲಿಯೂ ಹಿಂದೆ ಬಾರ್ನ್ ಸಹಾಯಕರಾಗಿದ್ದವರೇ. ಇದರ ಮೇಲೆ ಸೇರಿ ಕೆಲಸ ಮಾಡೋಣ ಅಂತ ಕೇಳಿದರೆ, ನಿಮ್ಮ ಗಣಿತ ಹಾಕಿ ಹೈಸೆನ್‌ಬರ್ಗ್‌ನ ಒಳ್ಳೆಯ ವಿಚಾರ ಕೆಡಿಸುತ್ತೀರಿ ಅನ್ನುವ ಧಾಟಿಯಲ್ಲಿ ಪೌಲಿ ಮುಖಕ್ಕೆ ಹೊಡೆದ ಹಾಗೆ ಹೇಳಿಬಿಟ್ಟರು. ಬಾರ್ನ್ ಬಿಡಲಿಲ್ಲ. ಪಾಸ್ಕುಯಲ್ ಯೋರ್ಡಾನ್ ಅನ್ನುವ ಇನ್ನೊಬ್ಬ ಚಿಕ್ಕ ವಯಸ್ಸಿನ ಹುಡುಗನನ್ನು ಸೇರಿಸಿಕೊಂಡರು. ಸೆಪ್ಟೆಂಬರ್ ಹೊತ್ತಿಗೆ ಇಬ್ಬರ ಲೇಖನ ಸಿದ್ಧವಾಯಿತು. ನವೆಂಬರ್‌ನಲ್ಲಿ ಹೈಸೆನ್‌ಬರ್ಗ್ ಕೂಡ ಸೇರಿ ಮೂವರ ಲೇಖನ ಬಂತು. ಕ್ವಾಂಟಂ ಮೆಕ್ಯಾನಿಕ್ಸ್ ಒಂದು ಪೂರ್ತಿ ಸಿದ್ಧಾಂತವಾಗಿ ನಿಂತದ್ದು ಈ ಎರಡು ಲೇಖನಗಳ ಮೇಲೆ. ಪಿ ಇಂಟು ಕ್ಯೂ ಮೈನಸ್ ಕ್ಯೂ ಇಂಟು ಪಿ ಅನ್ನುವ ಆ ಸಮೀಕರಣ ಇದೆಯಲ್ಲ (ಪಿ ಅಂದರೆ ಕಣದ ಸಂವೇಗ, ಕ್ಯೂ ಅಂದರೆ ಅದರ ಸ್ಥಾನ), ಇಡೀ ವಿಷಯದ ಬೇರು ಅದು. ಅದನ್ನು ಮೊದಲು ಊಹಿಸಿ ಬರೆದವರು ಬಾರ್ನ್. ಅರ್ಧ ಸಾಧಿಸಿದ್ದರು, ಉಳಿದರ್ಧ ಸಾಧಿಸಿ ತೋರಿಸಿದವರು ಯೋರ್ಡಾನ್. ಗಾಟಿಂಗನ್‌ನ ಸ್ಮಶಾನದಲ್ಲಿ ಬಾರ್ನ್ ಸಮಾಧಿಯ ಕಲ್ಲಿನ ಮೇಲೆ ಅದನ್ನೇ ಕೆತ್ತಿದ್ದಾರೆ. ಇವತ್ತಿನ ಸ್ಲೈಡಿನಲ್ಲಿ ಆ ಸಮೀಕರಣ ಇತ್ತು. ಪಕ್ಕದಲ್ಲಿ ಹೈಸೆನ್‌ಬರ್ಗ್ ಫೋಟೊ.

ನೋಡಿ, ನನ್ನ ಸಿಟ್ಟು ಹೈಸೆನ್‌ಬರ್ಗ್ ಮೇಲೆ ಅಲ್ಲ. ಮೊದಲ ಹೊಳಹು ಅವರದೇ, ಅದು ದೊಡ್ಡದು. ಅದಿಲ್ಲದೆ ಬಾರ್ನ್‌ಗೆ ಹಿಡಿಯಲು ಎಳೆಯೇ ಸಿಗುತ್ತಿರಲಿಲ್ಲ. 1932ರ ನೊಬೆಲ್ ಅನ್ನು 1933ರಲ್ಲಿ ಅವರೊಬ್ಬರಿಗೇ ಕೊಟ್ಟಾಗ ಅವರೇ ಬಾರ್ನ್‌ಗೆ ಪತ್ರ ಬರೆದರು. ನೀವು, ಯೋರ್ಡಾನ್, ನಾನು ಮೂವರೂ ಗಾಟಿಂಗನ್‌ನಲ್ಲಿ ಸೇರಿ ಮಾಡಿದ ಕೆಲಸಕ್ಕೆ ನಾನೊಬ್ಬನೇ ಬಹುಮಾನ ತೆಗೆದುಕೊಳ್ಳಬೇಕಾಗಿದೆ, ನಿಮಗೆ ಏನು ಬರೆಯಬೇಕೋ ತಿಳಿಯುತ್ತಿಲ್ಲ ಅಂತ. ಅಷ್ಟು ದೊಡ್ಡ ಮನಸ್ಸು ಬಹುಮಾನ ಪಡೆದವರಿಗೇ ಇತ್ತು. ನೂರು ವರ್ಷ ಆದ ಮೇಲೆ ಕಥೆ ಹೇಳುವವರಿಗೆ ಯಾಕೆ ಇಲ್ಲ?

ಆ ಪತ್ರ ಬಂದಾಗ ಬಾರ್ನ್ ಎಲ್ಲಿದ್ದರು ಗೊತ್ತಾ? ಗಾಟಿಂಗನ್‌ನಲ್ಲಿ ಅಲ್ಲ. ಹಿಟ್ಲರ್ ಅಧಿಕಾರಕ್ಕೆ ಬಂದು 1933ರ ಏಪ್ರಿಲ್‌ನಲ್ಲಿ ಯಹೂದಿ ಮೂಲದವರನ್ನು ಸರ್ಕಾರಿ ಕೆಲಸದಿಂದ ತೆಗೆಯುವ ಕಾನೂನು ತಂದ. ತಾನು ಅಮಾನತಾದ ಸುದ್ದಿಯನ್ನು ಬಾರ್ನ್ ಓದಿದ್ದು ಪೇಪರಿನಲ್ಲಿ. ಹೆಸರುಗಳ ಪಟ್ಟಿಯಲ್ಲಿ ತಮ್ಮ ಹೆಸರು. 1921ರಿಂದ ಕಟ್ಟಿದ ವಿಭಾಗ ಅದು. ನಾನು ಬರಬೇಕಾದರೆ ನನ್ನ ಗೆಳೆಯ ಜೇಮ್ಸ್ ಫ್ರಾಂಕ್‌ಗೂ ಅಲ್ಲಿ ಹುದ್ದೆ ಕೊಡಿ ಅಂತ ಪಟ್ಟು ಹಿಡಿದು ಕಟ್ಟಿದ್ದು. ಹೈಸೆನ್‌ಬರ್ಗ್, ಪೌಲಿ ಸಹಾಯಕರಾಗಿದ್ದ ಜಾಗ. ಫರ್ಮಿ ಬಂದು ಇದ್ದು ಹೋದ ಜಾಗ. ಓಪನ್‌ಹೈಮರ್ ಹೆಸರು ಈಗ ಎಲ್ಲರಿಗೂ ಗೊತ್ತು, ಅವರು 1927ರಲ್ಲಿ ಪಿಎಚ್‌ಡಿ ಮಾಡಿದ್ದು ಬಾರ್ನ್ ಹತ್ತಿರ. ಮಾರಿಯಾ ಗೊಪರ್ಟ್ ಮಾಡಿದ್ದೂ ಅವರ ಹತ್ತಿರವೇ. ಆಕೆಗೆ ಆಮೇಲೆ 1963ರಲ್ಲಿ ನೊಬೆಲ್ ಬಂತು. ಆ ಕಾಲದಲ್ಲಿ ಹೆಣ್ಣುಮಗಳೊಬ್ಬಳನ್ನು ಥಿಯರಿ ಮಾಡಲು ಕೂರಿಸಿಕೊಂಡ ಮೇಷ್ಟ್ರು ಇವರು. ನನಗೆ ಇದೊಂದೇ ಸಾಕು ಅವರ ಬಗ್ಗೆ ಗೌರವ ಹುಟ್ಟಲು.

ಅಂಥ ಮನುಷ್ಯ ಐವತ್ತರ ವಯಸ್ಸಿನಲ್ಲಿ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ದೇಶ ಬಿಟ್ಟರು. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಒಂದು ತಾತ್ಕಾಲಿಕ ಕೆಲಸ. ಅಲ್ಲಿರುವಾಗ ಬಂದದ್ದು ಹೈಸೆನ್‌ಬರ್ಗ್ ಪತ್ರ.

ಈಗ ಬೆಂಗಳೂರಿಗೆ ಬರುತ್ತೇನೆ.

ಆಗ ನಮ್ಮ ಟಾಟಾ ಇನ್‌ಸ್ಟಿಟ್ಯೂಟ್‌ಗೆ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಗೆ ಸಿ.ವಿ. ರಾಮನ್ ನಿರ್ದೇಶಕರು. 1933ರಲ್ಲಿ ಆ ಕುರ್ಚಿಗೆ ಬಂದ ಮೊದಲ ಭಾರತೀಯ. ಜರ್ಮನಿಯಿಂದ ಹೊರದಬ್ಬಿದ ದೊಡ್ಡ ವಿಜ್ಞಾನಿಗಳನ್ನು ಇಲ್ಲಿಗೆ ಕರೆಸಿಕೊಂಡರೆ ದೇಶಕ್ಕೆ ಎಷ್ಟು ಒಳ್ಳೆಯದು ಅಂತ ರಾಮನ್‌ಗೆ ಗೊತ್ತಿತ್ತು. ಬಾರ್ನ್‌ಗೆ ಪತ್ರ ಹೋಯಿತು. 1935ರ ಕೊನೆಯಲ್ಲಿ ಬಾರ್ನ್ ಮತ್ತು ಹೆಂಡತಿ ಹೆಡಿ ಬೆಂಗಳೂರಿಗೆ ಬಂದರು. ಸುಮಾರು ಆರು ತಿಂಗಳು ಇದ್ದರು. ಇಲ್ಲಿನ ಹುಡುಗರಿಗೆ ಪಾಠ ಮಾಡಿದರು. ಕ್ವಾಂಟಂ ಮೆಕ್ಯಾನಿಕ್ಸ್ ಬರೆದ ಕೈ ಇಲ್ಲಿನ ಬೋರ್ಡಿನ ಮೇಲೆ ಚಾಕ್ ಹಿಡಿದಿತ್ತು. ಇವರನ್ನು ಕಾಯಂ ಇಲ್ಲೇ ಉಳಿಸಿಕೊಳ್ಳಬೇಕು, ಇವರಿಗಾಗಿ ಒಂದು ಪ್ರೊಫೆಸರ್ ಹುದ್ದೆ ಮಾಡಬೇಕು ಅಂತ ರಾಮನ್ ಸಭೆಯಲ್ಲಿ ಪ್ರಸ್ತಾಪ ಇಟ್ಟರು.

ಆ ಸಭೆಯಲ್ಲಿ ಬಾರ್ನ್ ಕೂಡ ಕೂತಿದ್ದರು. ಅವರ ಎದುರಿಗೇ ಆಸ್ಟನ್ ಅನ್ನುವ ಇಂಗ್ಲೆಂಡಿನ ಪ್ರೊಫೆಸರ್ ಎದ್ದು, ಸ್ವಂತ ದೇಶದಿಂದ ಓಡಿಸಿದ ಎರಡನೇ ದರ್ಜೆಯ ಪರದೇಶಿ ನಮಗೆ ಸಾಲದು ಅನ್ನುವ ಅರ್ಥದ ಮಾತಾಡಿದರು. ಬಾರ್ನ್ ದಂಪತಿ ಆ ಆಸ್ಟನ್ ಕುಟುಂಬದ ಜೊತೆ ವಿಶ್ವಾಸದಿಂದ ಇದ್ದವರು. ಮನೆಗೆ ವಾಪಸು ಬಂದು ಹೆಡಿಯ ಮುಂದೆ ಅತ್ತುಬಿಟ್ಟೆ ಅಂತ ಬಾರ್ನ್ ತಮ್ಮ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ.

ಆ ಪುಟ ಓದಿ ನಾನೂ ಅತ್ತಿದ್ದೇನೆ. ಮರೆಮಾಚುವುದಿಲ್ಲ. ಎರಡನೇ ದರ್ಜೆ! ಹಿಟ್ಲರ್ ಹೊರಗೆ ಹಾಕಿದ, ಅದು ಒಂದು. ಇಲ್ಲಿ, ನಾವು ದಿನಾ ಬಸ್ಸಿನಲ್ಲಿ ದಾಟಿಹೋಗುವ ಆ ಕಾಂಪೌಂಡಿನ ಒಳಗೆ, ಒಬ್ಬ ಮನುಷ್ಯನ ಕಣ್ಣಲ್ಲಿ ನೀರು ಬರಿಸಿದರು. ನನ್ನ ಹಳೆಯ ಸಹೋದ್ಯೋಗಿಗಳಿಗೆ ನಾನು ಯಾಕೆ ಇಷ್ಟು ಹಚ್ಚಿಕೊಳ್ಳುತ್ತೇನೆ ಅಂತ ಗೊತ್ತು. ಒಂದು ಕಾಲದಲ್ಲಿ ರಾತ್ರಿ ಕೂತು ಬರೆದ ಲ್ಯಾಬ್ ಮ್ಯಾನ್ಯುಯಲ್ ಬೇರೆಯವರ ಹೆಸರಿನಲ್ಲಿ ಅಚ್ಚಾಗಿ ಬಂದಿತ್ತು. ಯಾರು, ಎಲ್ಲಿ ಅನ್ನುವುದು ಬೇಡ. ಪುಟ ತಿರುಗಿಸಿದರೆ ನಾನೇ ಬಿಡಿಸಿದ ಸರ್ಕ್ಯೂಟ್ ಚಿತ್ರ, ಮುಖಪುಟದಲ್ಲಿ ಇನ್ಯಾರದೋ ಹೆಸರು. ಅದು ಸಣ್ಣ ವಿಷಯ, ಬಾರ್ನ್‌ಗೆ ಹೋಲಿಸುವ ವಿಷಯವೇ ಅಲ್ಲ. ಆದರೆ ಆ ಉರಿ ಹೇಗಿರುತ್ತದೆ ಅಂತ ನನಗೆ ಗೊತ್ತು. ಇವತ್ತಿಗೂ ಆರಿಲ್ಲ.

ಪ್ರಸ್ತಾಪ ಬಿದ್ದುಹೋಯಿತು. ಬಾರ್ನ್ ವಾಪಸು ಹೋದರು. ಕೈಯಲ್ಲಿ ಕಾಯಂ ಕೆಲಸ ಇಲ್ಲ. ಮಾಸ್ಕೋಗೆ ಹೋಗುವ ಯೋಚನೆಯನ್ನೂ ಮಾಡಿದ್ದರು. ಅಷ್ಟರಲ್ಲಿ 1936ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಪ್ರೊಫೆಸರ್ ಹುದ್ದೆ ಸಿಕ್ಕಿತು, 1953ರಲ್ಲಿ ನಿವೃತ್ತಿ ಆಗುವವರೆಗೂ ಅಲ್ಲೇ ಇದ್ದರು. ರಾಮನ್‌ಗೂ ಇಲ್ಲಿ ನೆಮ್ಮದಿ ಇರಲಿಲ್ಲ. 1937ರಲ್ಲಿ ನಿರ್ದೇಶಕರ ಕುರ್ಚಿ ಬಿಡಬೇಕಾಯಿತು. ಬೆಂಗಳೂರಿಗೆ ಸಿಗಬೇಕಿದ್ದ ಒಂದು ದೊಡ್ಡ ಥಿಯರಿ ವಿಭಾಗ ಹಾಗೇ ಕೈತಪ್ಪಿತು. ಈಗ ಊರ ತುಂಬ ಕ್ವಾಂಟಂ ಸ್ಟಾರ್ಟಪ್, ಕ್ವಾಂಟಂ ಸಮ್ಮೇಳನ. ಸಂತೋಷ. ಅಲ್ಲಿ ಒಂದು ಫೋಟೊ ಹಾಕಲು ಜಾಗ ಇಲ್ಲವಾ?

ಇಲ್ಲಿ ಕೆಲವರು ಹೇಳುತ್ತಾರೆ, ರಾಮನ್‌ಗೂ ಬಾರ್ನ್‌ಗೂ ಆಮೇಲೆ ಜಗಳ ಆಯಿತಲ್ಲ, ಅದಕ್ಕೇ ನಮ್ಮ ಕಡೆ ಆ ಹೆಸರು ಮರೆತರು ಅಂತ. ಜಗಳ ಆದದ್ದು ನಿಜ. ಹರಳಿನೊಳಗೆ ಪರಮಾಣುಗಳು ಹೇಗೆ ಕಂಪಿಸುತ್ತವೆ ಅನ್ನುವುದರ ಬಗ್ಗೆ 1940ರ ದಶಕದಲ್ಲಿ ಇಬ್ಬರೂ ಪಟ್ಟು ಹಿಡಿದು ವಾದ ಮಾಡಿದರು. ಕೊನೆಗೆ ಪ್ರಯೋಗಗಳು ನಿಂತದ್ದು ಬಾರ್ನ್ ಕಡೆಗೆ. ಆದರೆ ವಿಜ್ಞಾನಿಗಳು ವಾದ ಮಾಡದೆ ಇನ್ನೇನು ಮಾಡುತ್ತಾರೆ? ಕರೆಸಿದವರು ರಾಮನ್, ಉಳಿಸಿಕೊಳ್ಳಲು ಹೋರಾಡಿದವರೂ ರಾಮನ್. ರಾಮನ್ ಮೇಲಿನ ಅಭಿಮಾನಕ್ಕೆ ಬಾರ್ನ್ ಹೆಸರು ಅಳಿಸಬೇಕಾಗಿಲ್ಲ. ಸೇರಿಸಿದರೆ ರಾಮನ್ ಇನ್ನೂ ದೊಡ್ಡವರಾಗಿ ಕಾಣುತ್ತಾರೆ.

ಇಷ್ಟೆಲ್ಲ ಹೇಳಿದ್ದು ಮ್ಯಾಟ್ರಿಕ್ಸ್ ಬಗ್ಗೆ ಮಾತ್ರ. ಅವರ ದೊಡ್ಡ ಕೆಲಸ ಇನ್ನೂ ಬಂದೇ ಇಲ್ಲ.

1926ರಲ್ಲಿ ಶ್ರೋಡಿಂಗರ್ ತಮ್ಮ ಅಲೆಯ ಸಮೀಕರಣ ಕೊಟ್ಟರು. ಎಲ್ಲರಿಗೂ ಖುಷಿ. ಲೆಕ್ಕ ಸುಲಭ, ಉತ್ತರ ಸರಿ. ಆದರೆ ಆ ಅಲೆ ಯಾವುದರ ಅಲೆ? ಸೈ ಅಂತ ಒಂದು ಗ್ರೀಕ್ ಅಕ್ಷರ ಬರೆದಿದ್ದೀರಿ, ಅದು ಏನು? ಎಲೆಕ್ಟ್ರಾನೇ ಹರಡಿಕೊಂಡು ಅಲೆಯಾಗಿದೆ ಅಂತ ಶ್ರೋಡಿಂಗರ್ ನಂಬಿದ್ದರು. ಬಾರ್ನ್‌ಗೆ ಅದು ಒಪ್ಪಿಗೆ ಆಗಲಿಲ್ಲ. ಫ್ರಾಂಕ್ ಪಕ್ಕದಲ್ಲೇ ಎಲೆಕ್ಟ್ರಾನ್ ಡಿಕ್ಕಿಯ ಪ್ರಯೋಗ ಮಾಡುತ್ತಿದ್ದರು. ಅಲ್ಲಿ ಎಲೆಕ್ಟ್ರಾನ್ ಒಂದೊಂದೇ ಕಣವಾಗಿ ಬಂದು ಬೀಳುವುದು ಎದುರಿಗೇ ಕಾಣುತ್ತಿತ್ತು. ಹಾಗಾಗಿ ಬಾರ್ನ್ ಡಿಕ್ಕಿಯ ಲೆಕ್ಕ ಹಾಕಿದರು. ಆ ಅಲೆ ಎಲೆಕ್ಟ್ರಾನ್ ಅಲ್ಲ, ಎಲೆಕ್ಟ್ರಾನ್ ಎಲ್ಲಿ ಸಿಗಬಹುದು ಅನ್ನುವ ಸಂಭವನೀಯತೆಯನ್ನು ಅದು ಹೇಳುತ್ತದೆ ಅಂದರು. 1926ರ ಜೂನ್‌ನಲ್ಲಿ ಪತ್ರಿಕೆಗೆ ಹೋದ ಪುಟ್ಟ ಲೇಖನ. ಅದರಲ್ಲಿ ಒಂದು ಅಡಿಟಿಪ್ಪಣಿ. ಮೇಲಿನ ಪಠ್ಯದಲ್ಲಿ ಸಂಭವನೀಯತೆ ಅಂತಷ್ಟೇ ಬರೆದಿದ್ದರು. ಅಚ್ಚಿಗೆ ಹೋಗುವ ಮುಂಚೆ ಸರಿಪಡಿಸಿ ಕೆಳಗೆ ಸೇರಿಸಿದರು: ಅದನ್ನು ವರ್ಗ ಮಾಡಬೇಕು ಅಂತ. ಸೈ ಸ್ಕ್ವೇರ್!

ಕ್ವಾಂಟಂ ಮೆಕ್ಯಾನಿಕ್ಸ್ ಹೇಳುವ ಲೆಕ್ಕವನ್ನು ಪ್ರಯೋಗಶಾಲೆಯಲ್ಲಿ ಕಾಣುವ ಅಂಕಿಗೆ ಜೋಡಿಸುವ ಸೇತುವೆ ಅದು. ಇವತ್ತಿನ ಕ್ವಾಂಟಂ ಕಂಪ್ಯೂಟರ್‌ನಲ್ಲಿ ಕೊನೆಗೆ ಉತ್ತರ ಓದುತ್ತಾರಲ್ಲ, ಸೊನ್ನೆ ಬರುವ ಸಂಭವ ಎಷ್ಟು, ಒಂದು ಬರುವ ಸಂಭವ ಎಷ್ಟು ಅಂತ, ಅಲ್ಲಿ ಬಳಸುವುದು ಬಾರ್ನ್ ನಿಯಮ. ಹಾಗಂತಲೇ ಅದಕ್ಕೆ ಹೆಸರು. ಈ ನಿಯಮ ತೆಗೆದುಬಿಟ್ಟರೆ ಪ್ರಯೋಗದಲ್ಲಿ ಯಾವ ಉತ್ತರ ಬರುವ ಸಂಭವ ಎಷ್ಟು ಅಂತ ಶ್ರೋಡಿಂಗರ್ ಸಮೀಕರಣದಿಂದ ಹೇಳಲು ಆಗುವುದಿಲ್ಲ. ಇದನ್ನು ಬಿಟ್ಟು ಕ್ವಾಂಟಂ ಭಾಷಣ ಹೇಗೆ ಮಾಡುತ್ತೀರಿ?

ದೇವರು ದಾಳ ಆಡುವುದಿಲ್ಲ ಅನ್ನುವ ಐನ್‌ಸ್ಟೈನ್ ಮಾತನ್ನು ಇವತ್ತೂ ಹೇಳಿದರು. ಎಲ್ಲರೂ ಹೇಳುತ್ತಾರೆ. ಆ ಮಾತು ಮೊದಲು ಬಂದದ್ದು ಯಾರಿಗೆ ಬರೆದ ಪತ್ರದಲ್ಲಿ? ಬಾರ್ನ್‌ಗೆ, 1926ರ ಡಿಸೆಂಬರ್‌ನಲ್ಲಿ. ಎಲ್ಲಿ ಸಿಗುತ್ತದೆ ಅನ್ನುವುದು ಖಚಿತ ಇಲ್ಲ, ಸಂಭವ ಮಾತ್ರ ಇದೆ ಅಂತ ಬಾರ್ನ್ ಹೇಳಿದ ಆರೇ ತಿಂಗಳಿಗೆ. ಇಬ್ಬರೂ ಆಪ್ತ ಗೆಳೆಯರು. ಬರ್ಲಿನ್‌ನಲ್ಲಿದ್ದಾಗ ಬಾರ್ನ್ ಪಿಯಾನೊ, ಐನ್‌ಸ್ಟೈನ್ ಪಿಟೀಲು ಹಿಡಿದು ಒಟ್ಟಿಗೆ ನುಡಿಸುತ್ತಿದ್ದವರು. ಈ ವಿಷಯದಲ್ಲಿ ಮಾತ್ರ ಐನ್‌ಸ್ಟೈನ್ ಕೊನೆಯವರೆಗೂ ಒಪ್ಪಲಿಲ್ಲ. ಆ ವಾದದ ಒಂದು ಕಡೆಯವರ ಮಾತು ಟೀ ಶರ್ಟಿನ ಮೇಲೂ ಬಂದಿದೆ. ಇನ್ನೊಂದು ಕಡೆಯವರ ಹೆಸರೇ ಇಲ್ಲ. ಗೆದ್ದದ್ದು ಇವರ ವಾದ!

ಭಾಷಣ ಮುಗಿದ ಮೇಲೆ ಒಬ್ಬ ಹುಡುಗ ನನ್ನ ಹತ್ತಿರ ಬಂದು, ಮೇಡಂ, ಮ್ಯಾಕ್ಸ್ ಬಾರ್ನ್ ಅಂದರೆ ಹಾಡುಗಾರ್ತಿ ಒಲಿವಿಯಾ ನ್ಯೂಟನ್ ಜಾನ್ ಅವರ ತಾತ ಅಲ್ವಾ ಅಂದ. ಕ್ವಿಜ್‌ನಲ್ಲಿ ಓದಿದ್ದಾನಂತೆ. ಹೌದಪ್ಪ, ತಾತನೇ, ಮಗಳ ಮಗಳು ಆಕೆ. ಹುಡುಗನ ತಪ್ಪಿಲ್ಲ. ನಾವು ಅವನಿಗೆ ಅಷ್ಟನ್ನೇ ದಾಟಿಸಿದ್ದೇವೆ.

ಕಡೆಗೆ 1954ರಲ್ಲಿ ನೊಬೆಲ್ ಬಂತಲ್ಲ, ಇನ್ನೇನು ದೂರು ಅಂತ ನಮ್ಮ ಸ್ಟಾಫ್ ರೂಮಿನಲ್ಲೇ ಒಬ್ಬರು ಕೇಳಿದರು. ಬಂತು. 1926ರ ಕೆಲಸಕ್ಕೆ 1954ರಲ್ಲಿ. ಆಗ ಅವರಿಗೆ 71 ವರ್ಷ. ಕ್ಲಾಸು, ವಿದ್ಯಾರ್ಥಿಗಳು, ವಿಭಾಗ ಎಲ್ಲ ಬಿಟ್ಟು ನಿವೃತ್ತಿ ಆದ ಮೇಲೆ. ಇಪ್ಪತ್ತೆಂಟು ವರ್ಷ ಕಾಯಿಸಿ ಕೊಟ್ಟದ್ದನ್ನು ನ್ಯಾಯ ಅನ್ನುವುದಾದರೆ ಆ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಇನ್ನೊಬ್ಬರು, ವಿಜ್ಞಾನ ಎಲ್ಲರೂ ಸೇರಿ ಕಟ್ಟುವುದು, ಹೆಸರು ಮುಖ್ಯ ಅಲ್ಲ ಅಂದರು. ಸರಿ, ಹೆಸರು ಮುಖ್ಯ ಅಲ್ಲದಿದ್ದರೆ ಎಲ್ಲರದ್ದೂ ತೆಗೆಯಿರಿ. ಒಬ್ಬರಿಗೆ ದ್ವೀಪ, ಸೂರ್ಯೋದಯ, ಚಪ್ಪಾಳೆ ಎಲ್ಲ ಕೊಟ್ಟು ಇನ್ನೊಬ್ಬರ ಸರದಿ ಬಂದಾಗ ಹೆಸರು ಮುಖ್ಯ ಅಲ್ಲ ಅನ್ನುವುದು ನನಗೆ ಒಪ್ಪಿಗೆ ಇಲ್ಲ.

ದ್ವೀಪದ ಕಥೆ ಯಾಕೆ ಗೆಲ್ಲುತ್ತದೆ ಅಂತ ನನಗೂ ಅರ್ಥ ಆಗುತ್ತದೆ. ಒಬ್ಬನೇ ಹುಡುಗ, ಒಂದೇ ರಾತ್ರಿ. ಹೇಳಲು ಸುಲಭ. 42 ವರ್ಷದ ಮೇಷ್ಟ್ರು ಮೇಜಿನ ಮುಂದೆ ಕೂತು, ಶಿಷ್ಯನ ಅರ್ಧ ಬೆಂದ ಲೇಖನ ಇಟ್ಟುಕೊಂಡು, ತಾನು ಎಂದೋ ಓದಿದ ಗಣಿತ ನೆನಪಿಸಿಕೊಂಡು, ಇದರೊಳಗೆ ಏನಿದೆ ಅಂತ ಶಿಷ್ಯನಿಗೇ ತೋರಿಸಿಕೊಟ್ಟ ಕಥೆಗೆ ಚಪ್ಪಾಳೆ ಬೀಳುವುದಿಲ್ಲ. ಆದರೆ ಮಕ್ಕಳ ಮುಂದೆ ಹೇಳಬೇಕಾದದ್ದು ಇದೇ ಅಲ್ವಾ? ನಮ್ಮ ಮಕ್ಕಳಲ್ಲಿ ಎಷ್ಟು ಜನ ಒಂದೇ ರಾತ್ರಿಯಲ್ಲಿ ಏನೂ ಹೊಳೆಯಲಿಲ್ಲ, ನಾನು ದಡ್ಡ ಅಂದುಕೊಂಡು ಫಿಸಿಕ್ಸ್ ಬಿಡುತ್ತಾರೆ! ನಾನು ನೋಡಿದ್ದೇನೆ. ಅಂಥವರಿಗೆ ಬೇಕಾದವರು ಬಾರ್ನ್.

ಇನ್ನೊಂದು ವಿಷಯ ಹೇಳದೆ ಇರಲಾರೆ. ಅಣುಬಾಂಬ್ ಮಾಡುವ ಕೆಲಸಕ್ಕೆ ಬಾರ್ನ್ ಹೋಗಲಿಲ್ಲ. ಅವರ ಶಿಷ್ಯ ಓಪನ್‌ಹೈಮರ್ ಹೋದರು, ಎಡಿನ್‌ಬರೋದಲ್ಲಿ ಅವರ ಜೊತೆ ಕೆಲಸ ಮಾಡಿದ ಕ್ಲಾಸ್ ಫುಕ್ಸ್ ಹೋದರು. ಇವರು ದೂರ ಉಳಿದರು. ಹಿಟ್ಲರ್‌ನಿಂದ ಎಲ್ಲವನ್ನೂ ಕಳೆದುಕೊಂಡ ಮನುಷ್ಯ, ಸೇಡು ತೀರಿಸಿಕೊಳ್ಳಲು ಅವರಿಗಿಂತ ಹೆಚ್ಚು ಕಾರಣ ಯಾರಿಗಿತ್ತು? ಅಣು ಅಸ್ತ್ರ ಬೇಡ ಅಂತ 1955ರಲ್ಲಿ ತತ್ವಜ್ಞಾನಿ ಬರ್ಟ್ರಂಡ್ ರಸೆಲ್ ಮತ್ತು ಐನ್‌ಸ್ಟೈನ್ ಹೊರಡಿಸಿದ ಹೇಳಿಕೆಗೆ ಸಹಿ ಹಾಕಿದ ಹನ್ನೊಂದು ಜನರಲ್ಲಿ ಬಾರ್ನ್ ಒಬ್ಬರು. ಜರ್ಮನಿಗೇ ವಾಪಸು ಹೋಗಿ ಬಾಡ್ ಪಿರ್ಮೊಂಟ್ ಅನ್ನುವ ಊರಿನಲ್ಲಿ ನೆಲೆಸಿ, 1957ರಲ್ಲಿ ಜರ್ಮನ್ ಸೈನ್ಯಕ್ಕೆ ಅಣು ಅಸ್ತ್ರ ಕೊಡಬಾರದು ಅಂತ ಹದಿನೆಂಟು ವಿಜ್ಞಾನಿಗಳು ಎದ್ದು ನಿಂತಾಗ ಅಲ್ಲೂ ಇದ್ದರು. ಹೈಸೆನ್‌ಬರ್ಗ್ ಕೂಡ ಆ ಸಹಿ ಹಾಕಿದವರಲ್ಲಿ ಒಬ್ಬರು. ಗುರು ಶಿಷ್ಯ ಇಬ್ಬರೂ ಒಂದೇ ಹಾಳೆಯ ಮೇಲೆ. 1970ರ ಜನವರಿ 5ರಂದು ಬಾರ್ನ್ ಗಾಟಿಂಗನ್‌ನಲ್ಲಿ ತೀರಿಕೊಂಡರು.

ಕೆಮಿಸ್ಟ್ರಿ ಪಾಠ ಮಾಡುವ ನನ್ನ ಗೆಳತಿಯರು, ನನ್ನ ಹಳೆಯ ವಿದ್ಯಾರ್ಥಿಗಳು ಇದನ್ನು ಓದುತ್ತಿದ್ದೀರಿ ಅಂತ ಗೊತ್ತು. ನಿಮ್ಮ ಪ್ರಥಮ ಪಿಯುಸಿ ಸಿಲಬಸ್‌ನಲ್ಲಿ ಬಾರ್ನ್ ಹೇಬರ್ ಚಕ್ರ ಬರುತ್ತದೆ. ಉಪ್ಪಿನ ಲ್ಯಾಟಿಸ್ ಶಕ್ತಿ ಲೆಕ್ಕ ಹಾಕಿಸುತ್ತೀರಲ್ಲ, ಆ ಬಾರ್ನ್ ಇವರೇ. ಆರ್ಬಿಟಲ್ ಪಾಠದಲ್ಲಿ ಸೈ ಸ್ಕ್ವೇರ್ ಬರುವ ಕಡೆ ಪುಸ್ತಕದಲ್ಲೂ ಒಂದು ಸಾಲಿನಲ್ಲಿ ಅವರ ಹೆಸರಿದೆ. ಮಾರ್ಕ್ಸ್ ಬರುವುದಿಲ್ಲ ಅಂತ ಎಲ್ಲರೂ ದಾಟಿಸಿಕೊಂಡು ಹೋಗುತ್ತಾರೆ. ಈ ಸಲ ದಾಟಿಸಬೇಡಿ. ಎರಡು ನಿಮಿಷ ನಿಂತು, ಈ ಮನುಷ್ಯ 1935ರಲ್ಲಿ ನಮ್ಮ ಊರಿಗೆ ಬಂದಿದ್ದರು, ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ ಪಾಠ ಮಾಡಿದ್ದರು ಅಂತ ಹೇಳಿ. ಅವರನ್ನು ಎರಡನೇ ದರ್ಜೆ ಅಂದದ್ದನ್ನೂ ಹೇಳಿ. ಮಕ್ಕಳು ಏನು ಕೇಳಿದರು ಅಂತ ನನಗೆ ಫೋನ್ ಮಾಡಿ ತಿಳಿಸಿ.